ದಪ್ಪಕ್ಷರದ ಯಮುನಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ನಿಟ್ಟೂರಿನ ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹೆಂಚಿನ ಮನೆಯ ಮುಂದೆ ಯಮುನಮ್ಮ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಎರಡು ಪಾದಗಳ ನಡುವೆ ಅಂಗೈಯಗಲದ ಶಿವನೆ ಮರದ ತುಂಡು, ಕೈಯಲ್ಲಿ ಕಿರುಬೆರಳಿನಷ್ಟು ಸಣ್ಣ ಉಳಿ. ಮರದ ಮೇಲೆ ಪೆನ್ಸಿಲಿನಲ್ಲಿ ಒಂದು ‘ಜ’ ತಿರುಗುಮುರುಗಾಗಿ ಮಲಗಿದೆ. ಉಳಿ ಅದರ ಹೊಟ್ಟೆಯನ್ನು ತೋಡುತ್ತಿದೆ.

“ಬಿಸ್ಲು ಏರಿದ್ ಮ್ಯಾಲೆ ಆಗದಿಲ್ಲ, ಕಣ್ಣು ಮಂಜಾಗ್ತದೆ” ಎನ್ನುತ್ತಾರೆ, ತಲೆ ಎತ್ತದೆ. “ಈ ಹೊತ್ನಾಗೆ ಗೆರೆ ಚೊಲೋ ಕಾಣ್ತದೆ.”

ಐವತ್ತಾರು ವರ್ಷದ ಯಮುನಮ್ಮ ಮರದಲ್ಲಿ ಅಕ್ಷರ ಕೆತ್ತುವವರು. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಕೈಯಿಂದ ತಯಾರಾಗುವ ಬಟ್ಟೆಚೀಲ, ಸೋಪು, ಜೋನಿಬೆಲ್ಲದ ಡಬ್ಬಿಗಳ ಮೇಲೆ ಹತ್ತು ಹೆಜ್ಜೆ ದೂರದಿಂದಲೇ ಓದಿಸಿಕೊಳ್ಳುವ ದಪ್ಪ ಕಪ್ಪು ಅಕ್ಷರಗಳನ್ನು ನೀವು ನೋಡಿರುತ್ತೀರಿ. ಅವು ಹುಟ್ಟಿದ್ದು ಈ ಗೋಣಿಚೀಲದ ಮೇಲೆ. ಹಾಗೆಂದು ಯಾವ ಚೀಲದಲ್ಲೂ ಬರೆದಿಲ್ಲ.

ದಪ್ಪಕ್ಷರ ಅವರ ತಂದೆ ಜಟ್ಟಪ್ಪನವರಿಂದ ಬಂದದ್ದು. ಜಟ್ಟಪ್ಪ ಹುಲಿಕಲ್ ಕಡೆಯ ಟಿಂಬರ್ ಡಿಪೋದಲ್ಲಿ ದಿಮ್ಮಿಗಳ ಮೇಲೆ ಡಾಂಬರಿನಲ್ಲಿ ನಂಬರು, ಊರ ಹೆಸರು ಬರೆಯುತ್ತಿದ್ದರು. “ಲಾರಿ ಡ್ರೈವರ್ರು ಕೂತಲ್ಲಿಂದ್ಲೇ ಓದ್ಬೇಕಿತ್ತು. ಸಪೂರ ಬರದ್ರೆ ಅಪ್ಪಯ್ಯ ಕೈ ಮ್ಯಾಲೆ ಹೊಡೀತಿದ್ರು. ಅಕ್ಷರ ಅಂದ್ರೆ ದಿಮ್ಮಿ ಇದ್ದಂಗೆ ಇರ್ಬೇಕು ಅಂತಿದ್ರು.” ಯಮುನಮ್ಮ ಓದಿದ್ದು ಐದನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಗೊಬ್ಬರದ ಚೀಲಗಳಿಗೆ ಗುರುತು ಹಾಕುವ ಮರದ ಅಚ್ಚು ಕೆತ್ತುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಸಾಗರದಲ್ಲಿ ಕೈಮಗ್ಗದ ಚೀಲಗಳ ಸಣ್ಣ ಘಟಕ ನಡೆಸುವ ಶ್ರೀಗೌರಿಯವರ ಕಣ್ಣಿಗೆ ಆ ಅಚ್ಚು ಬಿತ್ತು. ಪೂರ್ತಿ ಅಕ್ಷರಮಾಲೆಯನ್ನೇ ಕೆತ್ತಿಕೊಡಿ ಎಂದರು.

ಕಾಗುಣಿತದ ಗುರುತು, ಒತ್ತಕ್ಷರ ಸೇರಿ ನೂರ ಮೂವತ್ತೇಳು ಅಚ್ಚು. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಒರಟು ಬಟ್ಟೆಯ ಮೇಲೆ ತೆಳು ಗೆರೆ ನಿಲ್ಲುವುದಿಲ್ಲ, ಒಡೆದುಹೋಗುತ್ತದೆ. ದಪ್ಪ ಮಾಡಿದರೆ ಶಾಯಿ ಹರಡಿ ಅಕ್ಷರದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಎಷ್ಟು ದಪ್ಪ, ಎಷ್ಟು ಟೊಳ್ಳು ಎಂಬುದನ್ನು ಯಮುನಮ್ಮ ಒಂದೊಂದೇ ಅಚ್ಚು ಹಾಳುಮಾಡಿ ಕಲಿತರು. ಸವೆದ ಅಚ್ಚುಗಳ ಜಾಗಕ್ಕೆ ಹೊಸದು ಬೇಕಾಗುತ್ತಿತ್ತು. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಸಾಗರಕ್ಕೆ ಹೋಗುತ್ತಿದ್ದರು. ಘಟಕದಲ್ಲಿ ಆರು ಹೆಂಗಸರು ದಿನಕ್ಕೆ ಆರುನೂರು ಚೀಲಗಳ ಮೇಲೆ ಅವರ ಅಕ್ಷರ ಒತ್ತುತ್ತಿದ್ದರು.

ಈಗ ಒತ್ತುವುದಿಲ್ಲ. ಮೂರು ವರ್ಷದ ಹಿಂದೆ ಶ್ರೀಗೌರಿಯವರ ಅಕ್ಕನ ಮಗ ಶ್ರೀಕರ, ಡಿಸೈನ್ ಓದಿಕೊಂಡವನು, ಎಲ್ಲ ಅಚ್ಚುಗಳನ್ನೂ ಬಿಳಿ ಹಾಳೆಯ ಮೇಲೆ ಒತ್ತಿ, ಫೋಟೋ ತೆಗೆದು, ಕಂಪ್ಯೂಟರಿನ ಫಾಂಟ್ ಮಾಡಿದ. ಅದಕ್ಕೆ ‘ಕಾಡುಗಲ್ಲು’ ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟ. ಯಮುನಮ್ಮನವರನ್ನು ಕೇಳಿಯೇ ಮಾಡಿದ್ದು. “ಮಾಡ್ಕಳಪ್ಪ ಅಂದೆ. ಫೋಟೋ ತಗದ್ರೆ ಅಕ್ಷರ ಸವೀತದ?” ಎಂದು ಅವರು ಈಗ ನಗುತ್ತಾರೆ. ಆ ನಗು ಬಹಳ ಹೊತ್ತು ಇರುವುದಿಲ್ಲ. ಘಟಕಕ್ಕೆ ಲೇಬಲ್ಲುಗಳು ಮುದ್ರಣವಾಗಿ ಸುರುಳಿ ಸುರುಳಿಯಾಗಿ ಬಂದವು. ‘ಕೈಯಲ್ಲಿ ಮಾಡಿದ್ದು’ ಎಂದೇ ಅವುಗಳ ಮೇಲೆ ಬರೆದಿದೆ, ಅವರದೇ ಅಕ್ಷರದಲ್ಲಿ. ಅಚ್ಚು ಬೇಕು ಎಂಬ ಫೋನು ನಿಂತಿತು.

ಈಗ ಕೆತ್ತುತ್ತಿರುವ ‘ಜ’ ತೀರ್ಥಹಳ್ಳಿಯ ಸುಬ್ಬರಾಯರ ಜೋನಿಬೆಲ್ಲದ ಡಬ್ಬಿಗೆ. ಅಚ್ಚು ಒತ್ತುವ ಕೊನೆಯ ಗಿರಾಕಿ ಅವರು. ಮುಂದಿನ ಆಲೆಮನೆ ಹೊತ್ತಿಗೆ ತಾವೂ ಲೇಬಲ್ಲಿಗೆ ಹೋಗುವುದಾಗಿ ಅವರು ಕಳೆದ ವಾರವೇ ಹೇಳಿಬಿಟ್ಟಿದ್ದಾರೆ. “ಪಾಪ, ಫೋನ್ನಾಗೆ ಹೇಳ್ಲಿಲ್ಲ, ಮನೆತನಕ ಬಂದು ಹೇಳಿದ್ರು” ಎನ್ನುತ್ತಾರೆ ಯಮುನಮ್ಮ.

ಕೆಲಸ ಹೋದದ್ದೇ ಅವರ ಸಂಕಟ ಎಂದುಕೊಂಡು ನಾನು ಈ ಲೇಖನಕ್ಕೆ ಹೊರಟಿದ್ದೆ. ಅದಲ್ಲ ಎಂದು ಗೊತ್ತಾದದ್ದು, ‘ಕಾಡುಗಲ್ಲು ಫಾಂಟಿನಲ್ಲಿ ನಿಮಗೆ ಇಷ್ಟವಾದ ಅಕ್ಷರ ಯಾವುದು’ ಎಂದು ಸುಮ್ಮನೆ ಕೇಳಿದಾಗ. ಅವರು ಉಳಿ ಕೆಳಗಿಟ್ಟರು. “ಇಷ್ಟದ್ದು ಬಿಡಿ. ನೋಡಕ್ಕಾಗ್ದೇ ಇರೋದು ಒಂದದೆ. ರ.”

ಆ ‘ರ’ದ ಬಲಹೊಟ್ಟೆಯ ಮೇಲೆ ಒಂದು ಕಚ್ಚು ಇದೆ. ಉಳಿ ಜಾರಿ ಬಿದ್ದ ಓರೆ ಗಾಯ.

ಆರು ವರ್ಷದ ಹಿಂದಿನ ಫೆಬ್ರವರಿ. ಮಗಳು ಭವ್ಯಾಗೆ ಇಪ್ಪತ್ತೆರಡು. ತೋಟಕ್ಕೆ ದರಗು, ಉದುರಿದ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋಗಿದ್ದವಳಿಗೆ ಉಣುಗು, ಅಂದರೆ ಉಣ್ಣೆ, ಕಚ್ಚಿತ್ತು. ವಾರದಲ್ಲಿ ಜ್ವರ, ತಲೆನೋವು. ಮಂಗನ ಕಾಯಿಲೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಹೊತ್ತಿಗೆ ವಸಡಿನಿಂದ ರಕ್ತ ಬರಲು ಶುರುವಾಗಿತ್ತು. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಒಯ್ಯಬೇಕೆಂದರು. ಬೆಳಿಗ್ಗೆ ಎಂಟಕ್ಕೆ ಆಂಬ್ಯುಲೆನ್ಸ್ ಬಂತು. ಅವಳ ಅಣ್ಣ ಗಣೇಶ್ ಜೊತೆಗೆ ಹತ್ತಿದ. ಯಮುನಮ್ಮನೂ ಹೊರಟಿದ್ದರು. ಘಟಕದವರು ಮರುದಿನ ಮೈಸೂರಿನ ಮೇಳಕ್ಕೆ ಚೀಲ ಒಯ್ಯುವವರಿದ್ದರು, ಸವೆದ ‘ರ’ದ ಜಾಗಕ್ಕೆ ಒಂದು ಅಚ್ಚು ಬಾಕಿಯಿತ್ತು.

“ಅವ್ಳೇ ಅಂದ್ಲು. ‘ಅಮ್ಮ, ನೀ ಅದೊಂದು ಮುಗ್ಸಿ ಸಂಜೆ ಬಸ್ಸಿಗೆ ಬಾ, ನಾ ಎಲ್ಲಿಗೆ ಹೋಗ್ತೀನಿ’ ಅಂತ. ಒಂದೇ ಅಕ್ಷರ ಉಳ್ದಿತ್ತು ಕಣ್ರೀ. ನಾನೂ ಹೂಂ ಅಂದೆ.”

ಹತ್ತೂವರೆಗೆ ಫೋನು ಬಂತು. ಹುಲಿಕಲ್ ಘಾಟಿಯ ತಿರುವಿನಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ‘ಅಮ್ಮ, ಭವ್ಯಾ ಹೋದ್ಲು’ ಎಂದ ಗಣೇಶ್. ಆಗಲೇ ಉಳಿ ಜಾರಿದ್ದು.

ಸಂಜೆ ಅಚ್ಚು ಒಯ್ಯಲು ಸಾಗರದಿಂದ ಬಂದ ಗಾಡಿಯವನಿಗೆ, ಅಚ್ಚಿಗೆ ಗಾಯವಾದದ್ದು ತಿಳಿಯದ ನೆರೆಮನೆಯವರು ಹೊರಗೆ ಬಿದ್ದಿದ್ದ ಅಚ್ಚನ್ನೇ ಎತ್ತಿ ಕೊಟ್ಟರು. ಯಮುನಮ್ಮ ಮತ್ತೆ ಘಟಕಕ್ಕೆ ಹೋದದ್ದು ಒಂದೂವರೆ ತಿಂಗಳ ನಂತರ. ಅಷ್ಟರಲ್ಲಿ ಆ ಕಚ್ಚು ಸಾವಿರಾರು ಚೀಲಗಳ ಮೇಲೆ ಕೂತಿತ್ತು. ಬೇರೆ ‘ರ’ ಕೆತ್ತಬೇಕೆಂದು ಮರ ಎತ್ತಿಕೊಂಡಾಗಲೆಲ್ಲ ಮತ್ತೆ ಕೆಳಗಿಟ್ಟರು. ಇನ್ನೆಲ್ಲ ಅಕ್ಷರ ಕೆತ್ತಿದರು, ಅದೊಂದನ್ನು ಬಿಟ್ಟರು. ಯಾರಿಗೂ ಕಾರಣ ಹೇಳಲಿಲ್ಲ. ಶ್ರೀಕರ ಫೋಟೋ ತೆಗೆದುಕೊಂಡದ್ದು ಆ ಅಚ್ಚಿನದೇ.

ಅಚ್ಚಾಗಿದ್ದರೆ ಒಂದು ದಿನ ಸವೆಯುತ್ತಿತ್ತು. ಫಾಂಟು ಸವೆಯುವುದಿಲ್ಲ. ಉಪ್ಪಿನಕಾಯಿ ಬಾಟಲಿ, ಹೋಂಸ್ಟೇ ಬೋರ್ಡು, ಮದುವೆ ಕರೆಯೋಲೆ. ‘ಸಾಗರ’ ಎಂದು ಬರೆಯಬೇಕೆಂದರೂ ಆ ಅಕ್ಷರ ಬೇಕು, ‘ಹೊಸನಗರ’ಕ್ಕೂ ಬೇಕು. ಯಮುನಮ್ಮ ಪೇಟೆಗೆ ಹೋಗುವುದನ್ನು ಕಡಿಮೆ ಮಾಡಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟರು.

ಕಳೆದ ಡಿಸೆಂಬರಿನಲ್ಲಿ ಊರಿನ ಬಸ್ ಸ್ಟಾಪಿನ ಗೋಡೆಗೆ ಯುವಕ ಸಂಘದವರು ಒಂದು ಪೋಸ್ಟರ್ ಅಂಟಿಸಿದರು. ‘ಮಂಗನ ಕಾಯಿಲೆ: ಎಚ್ಚರ’. ಮೊಳದುದ್ದದ ಅಕ್ಷರ, ಎಲ್ಲಾ ಕಾಡುಗಲ್ಲು. ಕೊನೆಯಲ್ಲಿ ಕಚ್ಚು ಬಿದ್ದ ‘ರ’. ಹುಡುಗರು ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಅವತ್ತು ಯಮುನಮ್ಮ ಬಸ್ಸು ಹತ್ತಲಿಲ್ಲ. ಮನೆಗೆ ಬಂದು ಶಿವನೆ ತುಂಡು ಹುಡುಕಿದರು. ಹನ್ನೆರಡು ದಿನ, ಹದಿನಾಲ್ಕು ತುಂಡು ಹಾಳಾದವು. ಹದಿನೈದನೆಯದರಲ್ಲಿ ಒಂದು ‘ರ’ ಸರಿಯಾಗಿ ಬಂತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಗರಕ್ಕೆ ಹೋದರು.

“ಆ ಕಚ್ಚೇ ಫಾಂಟಿನ ಜೀವ ಯಮುನಮ್ಮ. ಕೈಕೆಲಸ ಅಂತ ಜನಕ್ಕೆ ಗೊತ್ತಾಗೋದೇ ಅದ್ರಿಂದ” ಎಂದನಂತೆ ಶ್ರೀಕರ. ಆಗ ಅವರು ಕಾರಣ ಹೇಳಿದರು. “ಪಾಪ ಹುಡ್ಗ ಕಂಪ್ಯೂಟ್ರು ಮುಚ್ಚಿ ಎದ್ದು ಹೊರಗೆ ಹೋದ.”

ಶ್ರೀಕರನನ್ನು ನಾನು ಸಾಗರದಲ್ಲಿ ಭೇಟಿಯಾಗುತ್ತೇನೆ. ಯಮುನಮ್ಮ ಬಂದುಹೋದ ವಾರವೇ ಹೊಸ ‘ರ’ ಸೇರಿಸಿ ಫಾಂಟನ್ನು ಮತ್ತೆ ಬಿಟ್ಟಿದ್ದಾನೆ. “ಹಳೇದನ್ನ ಒಂಬತ್ತು ಸಾವಿರ ಜನ ಇಳಿಸ್ಕೊಂಡಿದಾರೆ. ಅದನ್ನ ವಾಪಸ್ ತಗೊಳ್ಳೋದು ನನ್ನ ಕೈಯಲ್ಲಿಲ್ಲ. ಹೊಸದನ್ನ ಇಳಿಸ್ಕೊಂಡೋರು ನಲವತ್ತೊಂದು ಜನ” ಎನ್ನುತ್ತಾನೆ. ಮೂಲೆಯಲ್ಲಿ ಹಳೆಯ ಲೇಬಲ್ಲಿನ ಸುರುಳಿಗಳನ್ನು ಸೂರಿನವರೆಗೆ ಪೇರಿಸಿದ್ದಾರೆ. ಅವು ಮುಗಿಯಲು ಎರಡು ವರ್ಷ ಬೇಕು. ಶ್ರೀಗೌರಿ ಸುರುಳಿಗಳ ಕಡೆ ನೋಡಿ, ಅಕ್ಕನ ಮಗನಿಗೆ ಮನೆಮಾತಿನಲ್ಲಿ ಮೆಲ್ಲಗೆ ಹೇಳುತ್ತಾರೆ: “ಬೇಕು ಹೇಳಿ ಮಾಡಿದ್ದಲ್ಲ. ಆದ್ರೂ ಅವ್ಳ ಮುಖ ನೋಡಲೆ ಆಗ್ತಿಲ್ಲೆ.”

ಇದನ್ನೆಲ್ಲ ನಿಟ್ಟೂರಿಗೆ ವಾಪಸು ಬಂದು ಯಮುನಮ್ಮನಿಗೆ ಹೇಳಬೇಕೋ ಬೇಡವೋ ನನಗೆ ತಿಳಿಯುವುದಿಲ್ಲ. ಅವರೇ ಕೇಳುತ್ತಾರೆ. ನಲವತ್ತೊಂದು ಎಂದಾಗ ತಲೆಯಾಡಿಸುತ್ತಾರೆ. “ನಾ ಬದ್ಕಿರೋವಷ್ಟು ದಿನ ಅದು ಗ್ವಾಡೆ ಮ್ಯಾಲೆ ಇರ್ತದೆ ಬಿಡಿ. ಅದಾದ್ ಮ್ಯಾಲೂ ಇರ್ತದೆ.”

ಫೋಟೋ ತೆಗೆಯಲೇ ಎಂದರೆ ಬೇಡ ಎನ್ನುತ್ತಾರೆ. ಹೆಸರಿಗೂ ಆಸೆಯಿಲ್ಲ. “ಪೇಪರ್ನಾಗೆ ಹಾಕದಾದ್ರೆ ಹೊಸ ರ ಹಾಕಿ. ಸರಿ ಇರೋದ್ನ ಒಂದ್ಸಲನಾದ್ರೂ ಜನ ನೋಡ್ಲಿ.”

ಒಳಗೆ ಹೋಗಿ ಅಚ್ಚು ತರುತ್ತಾರೆ. ಶಾಯಿಯ ಬಟ್ಟೆಗೆ ಮುಟ್ಟಿಸಿ, ನನ್ನ ನೋಟ್‌ಪುಸ್ತಕದ ಖಾಲಿ ಹಾಳೆಯ ಮೇಲಿಟ್ಟು, ಅಂಗೈ ಭಾರ ಕೊಟ್ಟು ಒತ್ತುತ್ತಾರೆ. ಅಂಚು ಒಡೆಯದ, ಹೊಟ್ಟೆ ಮುಚ್ಚದ, ದುಂಡನೆಯ ಕಪ್ಪು ‘ರ’. ಶಾಯಿ ಆರುವವರೆಗೆ ಅದನ್ನೇ ನೋಡುತ್ತಾರೆ.

“ಸರಿ ಬಂದದೆ” ಎನ್ನುತ್ತಾರೆ. “ಫೋನು ಬರ್ದೇ ಇದ್ದಿದ್ರೆ ಅವತ್ತೂ ಹಿಂಗೇ ಬರ್ತಿತ್ತು.”