ಸೀರೆ ಹೊದ್ದು ಹಾಲು ಕರೆದದ್ದು

ನನಗೆ ಕ್ಷಯ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ನಮ್ಮದು ಬಂಗಾರಪೇಟೆಯ ಪಕ್ಕದ ಹಳ್ಳಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ನನಗೆ ಒದಗಿದ್ದು ಹಾಲಿನ ಕೆಲಸ. ಮನೆಯ ಸೀಮೆಹಸುವಿನ ಹಾಲು ಕರೆದು ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನುಮನೆಗಳಿಗೆ ಹಾಕಿ ಬರುತ್ತಿದ್ದೆ. ನಾನು ಮಲಗಿದ ಮೇಲೆ ವರ್ಷಕ್ಕೂ ಮಿಕ್ಕಿ ಆ ಕೆಲಸವನ್ನೆಲ್ಲ ಹೆಂಡತಿಯೇ ಮಾಡಿದಳು. ನಸುಕಿನಲ್ಲಿ ಹಾಲು ಕರೆದು, ಕ್ಯಾನನ್ನು ರೈಲಿಗೆ ಏರಿಸಿ, ಉರಿಗಾಂನಲ್ಲಿ ಮನೆಮನೆಗೂ ಅಳೆದು ಕೊಟ್ಟು, ವಾಪಸು ಬಂದು ನನಗೆ ಗಂಜಿ ಕಾಯಿಸುತ್ತಿದ್ದಳು.

ಊರಿನ ಕಾಂಪೌಂಡರ್ ದಿನವೂ ಬಂದು ನನಗೆ ಸೂಜಿ ಚುಚ್ಚುತ್ತಿದ್ದರು. ಗಾಜಿನ ಸಿರಿಂಜು ನಮ್ಮದೇ. ಅದನ್ನು ಕುದಿಸಿ ತಗಡಿನ ಡಬ್ಬಿಯಲ್ಲಿ ಇಡುವುದೂ ಹೆಂಡತಿಯ ಪಾಲಿಗೆ ಬಂದಿತ್ತು. ಬರಬರುತ್ತ ಸೂಜಿ ಹಾಕಲು ಸೊಂಟದಲ್ಲಿ ಜಾಗವೇ ಉಳಿಯಲಿಲ್ಲ. ಆ ಡಬ್ಬಿಯ ಮುಚ್ಚಳ ತೆರೆದ ಸದ್ದಿಗೇ ನನ್ನ ಮೈ ಬಿಗಿಯುತ್ತಿತ್ತು.

ಕೊನೆಗೊಂದು ದಿನ ಆಸ್ಪತ್ರೆಯ ಡಾಕ್ಟರು, ಕಫದಲ್ಲಿ ಇನ್ನೇನೂ ಇಲ್ಲ, ಕೆಲಸಕ್ಕೆ ಹೋಗಬಹುದು ಎಂದರು. "ಆದರೆ ಸ್ವಲ್ಪ ಸ್ವಲ್ಪವಾಗಿ. ಮೊದಲು ಕೂತು ಮಾಡೋದು, ಆಮೇಲೆ ನಿಂತು ಮಾಡೋದು."

ಹಾಗೇ ಶುರು ಮಾಡಿದೆ. ಮೊದಮೊದಲು ಬಾವಿಕಟ್ಟೆಯ ಮೇಲೆ ಕೂತು ಕ್ಯಾನು ತೊಳೆದೆ. ಬೂಸಾ ಕಲಸಿದೆ. ಆಮೇಲೆ ಅವಳ ಜೊತೆ ರೈಲಿನಲ್ಲಿ ಹೋಗಿ ಬಂದೆ. ಉರಿಗಾಂನ ಒಂದು ಲೈನಿನಲ್ಲಿ ಒಬ್ಬ ತಮಿಳು ಹೆಂಗಸಿದ್ದಳು, ಚಿಕ್ಕ ಮಗುವಿನ ತಾಯಿ. ಬಾಗಿಲು ತೆರೆದು ನನ್ನನ್ನು ನೋಡಿದವಳು, "ಎನ್ನಣ್ಣಾ, ಎದ್ದು ಬಂದ್ಬಿಟ್ರಾ? ಇನ್ಮೇಲೆ ಹಾಲಿಗೆ ನೀರೂ ಬರುತ್ತೆ!" ಎಂದು ನಕ್ಕಳು. ನಾನೂ ನಕ್ಕೆ. ನನ್ನನ್ನು ಕಂಡು ಹಿಂದೆ ಸರಿಯದೆ ಪಾತ್ರೆ ಮುಂದೆ ಹಿಡಿದವಳು ಅವಳೇ ಮೊದಲು.

ಹಾಲು ಕರೆಯುವುದೊಂದು ಉಳಿಯಿತು. ಅದು ನನ್ನ ಕೈಗೆ ಬಂದರೇ ನಾನು ಪೂರ್ತಿ ಎದ್ದ ಹಾಗೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಆದರೆ ಹಸು ನನ್ನನ್ನು ಒಲ್ಲೆನೆಂದಿತು. ಕರು ಬಿಟ್ಟು ಎಳೆದು ಕಟ್ಟಿ ನಾನು ಕೆಚ್ಚಲಿಗೆ ಕೈ ಹಾಕಿದರೆ ಹಾಲನ್ನು ಮೇಲಕ್ಕೆ ಹಿಡಿದು ನಿಲ್ಲುತ್ತಿತ್ತು. ಅವಳು ಬಂದು ಪಕ್ಕೆ ತಟ್ಟಿದರೆ ಬಿಡುತ್ತಿತ್ತು.

"ನನ್ ಸೀರೆ ಒದ್ಕಂಡು ಕುಂತ್ಕಳಿ" ಎಂದಳು ಹೆಂಡತಿ. "ವಾಸ್ನೆಗೆ ನಾನೇ ಅಂದ್ಕಂತದೆ."

ನಮ್ಮ ಕಡೆ ಕರೆಯುವ ಕೈ ಬದಲಾದಾಗ ಹಾಗೆ ಮಾಡುವುದುಂಟು. ಅವಳ ಹಳೆಯ ಸೀರೆಯನ್ನು ತಲೆಯ ಮೇಲಿಂದ ಹೊದ್ದು ಕೂತೆ. ಹಸು ಒಮ್ಮೆ ತಿರುಗಿ ಮೂಸಿತು, ಬುಸ್ಸೆಂದು ಉಸಿರು ಬಿಟ್ಟಿತು, ಹಾಲು ಇಳಿಯಿತು. ತಂಬಿಗೆಯಲ್ಲಿ ನೊರೆ ಏಳುವುದನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಹಾಗೇ ಮುಂದುವರಿದಿದ್ದರೆ ಈ ಬರಹ ಬೇಕಿರಲಿಲ್ಲ. ಒಂದು ಬೆಳಗ್ಗೆ ಪಕ್ಕದ ಮನೆಯ ಮಾವ ಬೆಂಕಿಪೆಟ್ಟಿಗೆ ಕೇಳಿಕೊಂಡು ಕೊಟ್ಟಿಗೆಗೇ ಬಂದ.

"ಏನ್ಲಾ ಇದು! ಆಸ್ಪತ್ರೇಲಿ ಗಂಡ್ಸುನ್ನ ಇಟ್ಕಂಡು ಎಂಗ್ಸುನ್ನ ಕಳ್ಸವ್ರಾ?"

ಅಷ್ಟೇ ಸಾಕಾಯಿತು. ಸಾಯಂಕಾಲದೊಳಗೆ ಸುದ್ದಿ ಸ್ಟೇಷನ್ನಿನ ಎದುರಿನ ಟೀ ಅಂಗಡಿ ಮುಟ್ಟಿತ್ತು. "ಅಕ್ಕಾ, ರಾ ರಾ, ಕೂಚೋ" ಎಂದು ತೆಲುಗಿನಲ್ಲಿ ಕರೆಯುತ್ತ ಒಬ್ಬ ಬೆಂಚು ಒರೆಸಿದ. "ಬಿಡ್ಲಾ ಪಾಪ, ಬಾಣಂತಿ" ಎಂದ ಇನ್ನೊಬ್ಬ. ಅವರದು ಬರೀ ತಮಾಷೆ. ಆದರೆ ವರ್ಷಕ್ಕೂ ಮಿಕ್ಕಿ ಹೆಂಡತಿಯ ದುಡಿಮೆಯಲ್ಲಿ ಗಂಜಿ ಕುಡಿದವನಿಗೆ ಅದು ಬೇರೆ ಥರ ಕೇಳಿಸಿತು.

ಬಂಗಾರಪೇಟೆಯ ಒಂದು ಬೂಸಾ ಅಂಗಡಿಯಲ್ಲಿ ಹಸು ಹಾಲು ಬಿಡುವ ಹಾಗೆ ಮಾಡುವ ಔಷಧಿ ಗುಟ್ಟಾಗಿ ಸಿಗುತ್ತಿತ್ತು. ಅಂಥ ಹಾಲು ಮಕ್ಕಳಿಗೆ ಒಳ್ಳೆಯದಲ್ಲ ಎಂಬ ಮಾತೂ ಇತ್ತು. ಸಿರಿಂಜು ಮನೆಯಲ್ಲಿತ್ತು. ಚುಚ್ಚುವುದನ್ನು ನನ್ನ ಮೈಮೇಲೆಯೇ ನೋಡಿ ಕಲಿತಿದ್ದೆ. ಡಬ್ಬಿಯನ್ನು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟೆ. ಸೂಜಿ ಹಾಕಿದ ಸ್ವಲ್ಪ ಹೊತ್ತಿಗೇ ಹಾಲು ಸುರಿಯಿತು. ಸೀರೆ ಬೇಕಾಗಲಿಲ್ಲ. ಹೆಂಡತಿ ತುಂಬಿದ ಕ್ಯಾನು ನೋಡಿ, "ನಿಮ್ ಕೈ ಇಡಿದ್ಬುಡ್ತು ಬಿಡಿ" ಎಂದು ಸಂತೋಷಪಟ್ಟಳು. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬರಬೇಡವೆಂದು ಅವಳಿಗೆ ಹೇಳಿದೆ. ವಿಶ್ರಾಂತಿ ತಗೋ ಎಂದೆ.

ಆಮೇಲೆ ಒಂದು ದಿನ ನಾನು ಎಕ್ಸ್‌ರೇ ತೆಗೆಸಲು ಮೊದಲ ರೈಲಿಗೇ ಹೋಗಬೇಕಾಯಿತು. ಮಧ್ಯಾಹ್ನ ಮನೆಗೆ ಬಂದರೆ ಅವಳು ಖಾಲಿ ತಂಬಿಗೆ ಮುಂದಿಟ್ಟುಕೊಂಡು ಕೂತಿದ್ದಳು. ಹಸು ಅವಳಿಗೂ ಹಾಲು ಬಿಟ್ಟಿರಲಿಲ್ಲ.

"ನನ್ ಕೈಯೇ ಮರ್ತೋಗದೆ ಅದ್ಕೆ."

ಸೂಜಿಗೆ ಒಗ್ಗಿದ ಹಸು ಬರಿಗೈಗೆ ಹಾಲು ಬಿಡದೆಂಬ ನಿಜ ಬಾಯಿಯವರೆಗೂ ಬಂತು. ನುಂಗಿಕೊಂಡೆ. "ನೀನು ಕೂತು ಎಷ್ಟು ದಿನ ಆಯ್ತು? ದನ ಅಲ್ವಾ, ಮರೀತದೆ" ಎಂದೆ.

ಅವಳು ನಂಬಿದಳು. ಅಂದಿನಿಂದ ಕೊಟ್ಟಿಗೆಯ ಕಡೆಗೇ ಹೋಗಲಿಲ್ಲ. ದಿನವೂ ತಾನೇ ಒಯ್ದು ಕುಡಿಸುತ್ತಿದ್ದ ಕಲಗಚ್ಚನ್ನು ಬಾಗಿಲ ಬಳಿ ಇಟ್ಟು, "ನೀವೇ ಇಕ್ಕಿ" ಎನ್ನುತ್ತಿದ್ದಳು. ನಾನು ಚುಚ್ಚಿದ ಸೂಜಿಗಿಂತ, ಮರೀತದೆ ಎಂದ ನನ್ನ ಮಾತು ದೊಡ್ಡ ತಪ್ಪೆಂದು ಈಗಲೂ ಅನಿಸುತ್ತದೆ. ಒಂದು ಹಸುವಿನ ಪ್ರೀತಿಯನ್ನೂ ಅವಳಿಗೆ ಉಳಿಸಲಿಲ್ಲ ನಾನು.

ಕೆಲವು ವಾರ ಹೀಗೇ ಕಳೆಯಿತು. ಒಂದು ಬೆಳಗ್ಗೆ ಮಾಡಿನಿಂದ ಡಬ್ಬಿ ಇಳಿಸಿ ಮುಚ್ಚಳ ತೆರೆದೆ. ಇನ್ನೂ ಹತ್ತಿರ ಹೋಗಿರಲಿಲ್ಲ, ಹಸುವಿನ ತೊಡೆಯ ಚರ್ಮ ಅದುರಿತು. ಮೈ ಬಿಗಿ ಹಿಡಿದು, ತಲೆ ಗೋಡೆಯ ಕಡೆ ತಿರುಗಿಸಿ ನಿಂತಿತು. ಕಾಂಪೌಂಡರ್ ಸೂಜಿ ತೆಗೆದಾಗ ಹಾಸಿಗೆಯ ಮೇಲೆ ನಾನೂ ಗೋಡೆಯ ಕಡೆಗೇ ತಿರುಗಿ ಮಲಗುತ್ತಿದ್ದೆ.

ಡಬ್ಬಿಯನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅವಳ ಎದುರು ಇಟ್ಟು ಎಲ್ಲ ಹೇಳಿದೆ, ಮರೀತದೆ ಎಂದ ಮಾತೂ ಸುಳ್ಳು ಎಂದೆ.

ಅವಳು ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. "ದಿನಾ ಚುಚ್ಚಿಸ್ಕಂಡೋರು ನೀವು" ಎಂದಳು. "ನಿಮ್ಗೂ ಗೊತ್ತಾಗ್ಲಿಲ್ವಾ?"

ಎದ್ದು ಕಲಗಚ್ಚಿನ ಬಕೆಟ್ಟು ತೆಗೆದುಕೊಂಡು ತಾನೇ ಕೊಟ್ಟಿಗೆಗೆ ಹೋದಳು. ಅಂದು ಹಸುವಿನ ಪಕ್ಕ ಬರಿದೇ ಕೂತು ಮೈ ಸವರಿದಳು. ಮರುದಿನವೂ ಅಷ್ಟೇ. ನಾನು ಅವಸರಪಟ್ಟರೆ, "ಡಾಕ್ಟ್ರು ನಿಮ್ಗೇನಂದ್ರು? ಸ್ವಲ್ಪ ಸ್ವಲ್ಪ ಅಂದ್ರಲ್ವಾ? ಸುಮ್ಕಿರಿ" ಎನ್ನುತ್ತಿದ್ದಳು. ಮೊದಲು ಒಂದು ಲೋಟದಷ್ಟು ಇಳಿಯಿತು. ತಂಬಿಗೆ ತುಂಬಲು ಬಹಳ ದಿನ ಬೇಕಾಯಿತು. ಆ ಹಸು ಇರುವವರೆಗೂ ಕರೆದವಳು ಅವಳೇ. ನಾನು ಕ್ಯಾನು ತೊಳೆದೆ, ಅದನ್ನು ಸ್ಟೇಷನ್ನಿಗೆ ಒಯ್ಯಲು ಸೈಕಲ್ಲು ತುಳಿದೆ.

ತಂಬಿಗೆ ತುಂಬದ ಆ ದಿನಗಳಲ್ಲಿ ಉರಿಗಾಂನಲ್ಲಿ ಎಲ್ಲರಿಗೂ ಅರ್ಧರ್ಧವೇ ಹಾಲು. ಮಗುವಿನ ತಾಯಿ ಪಾತ್ರೆ ಬಗ್ಗಿಸಿ ನೋಡಿ, "ಯಾಕಣ್ಣಾ ಇಷ್ಟೇ?" ಎಂದಳು.

"ಹಸುಗೆ ಹುಷಾರಿರಲಿಲ್ಲ, ಈಗ ಚೇತರಿಸ್ಕೊಳ್ತಿದೆ."

"ಐಯೋ, ಪಾವಂ. ಮೆಲ್ಲಗೆ ಆಗ್ಲಿ ಬಿಡಣ್ಣಾ, ನೀವೂ ಹಂಗೇ ತಾನೇ ಎದ್ದಿದ್ದು" ಎಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು.

ಅಷ್ಟು ವಾರ ಆ ಮಗು ಯಾವ ಹಾಲು ಕುಡಿದಿತ್ತೆಂದು ಅವಳಿಗೆ ಹೇಳಬೇಕಿತ್ತು. ಕ್ಯಾನಿನ ಮುಚ್ಚಳ ಬಿಗಿದು ಮುಂದಿನ ಮನೆಗೆ ಹೋದೆ.