ಫಿನಾಯಿಲು ಅವರದು, ನೋಟಿಸು ಹಜರತಬಿಗೆ

ಬೆಳಗಿನ ಆರು ಗಂಟೆ. ಬಾಗಲಕೋಟೆ ಹೊರವಲಯದ ಕೀಟ ಸಾಕಣೆ ಕೇಂದ್ರದಲ್ಲಿ ಹಜರತಬಿ ಪಂಜರದ ಬಟ್ಟೆ ಸರಿಸಿ ಕುಂಬಳಕಾಯಿಯೊಂದನ್ನು ಹೊರಗೆ ತೆಗೆಯುತ್ತಿದ್ದಾರೆ. ಕಾಯಿಯ ಮೈಯೆಲ್ಲ ಬಿಳಿ. ದಾಳಿಂಬೆ, ದ್ರಾಕ್ಷಿಯ ರಸ ಹೀರುವ ಹಿಟ್ಟು ತಿಗಣೆ ಅದನ್ನು ಮುತ್ತಿಕೊಂಡಿದೆ, ಬೇಕೆಂದೇ ಬೆಳೆಸಿದ್ದು. ಆ ತಿಗಣೆಯನ್ನು ತಿನ್ನುವ, ಗುಲಗಂಜಿ ಹುಳದ ಜಾತಿಯ ಪುಟ್ಟ ಕಪ್ಪು ಹುಳವನ್ನು ಇಲ್ಲಿ ಬೆಳೆಸಿ ರೈತರಿಗೆ ಕೊಡುತ್ತಾರೆ.

ಹಜರತಬಿ ತೆಳು ಅರಿವೆಯ ಎರಡು ಗಂಟು ಕಟ್ಟುತ್ತಾರೆ. ಒಂದರಲ್ಲಿ ತಿಗಣೆ ಹತ್ತಿದ ಸಿಪ್ಪೆ, ಇನ್ನೊಂದರಲ್ಲಿ ಬರೀ ಸಿಪ್ಪೆ. ನಡುವೆ ಒಂದು ಹುಳ ಬಿಡುತ್ತಾರೆ. ಅದು ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ತಿಗಣೆಯ ಗಂಟಿನತ್ತ ನಡೆಯುತ್ತದೆ. ಎರಡನೆಯದೂ ಅತ್ತಲೇ.

"ಕಟ್ಟಿಟ್ಟದ್ದು ಅದಕ್ಕ ಕಾಣೂದಿಲ್ರಿ. ವಾಸನಿ ಹಿಡದು ಹೋಗ್ತೈತಿ. ಅದರ ಮೂಗು ಮೀಸ್ಯಾಗ ಐತಿ."

"ನಮ್ಮ ಗಂಡಸರ ಮೀಸಿ ಬರೇ ತಿರುವಾಕ ನೋಡ್ರಿ," ಎಂದು ಪಕ್ಕದ ಪಂಜರದ ಬಳಿಯಿಂದ ಸಹೋದ್ಯೋಗಿ ಮಹಾದೇವಿ ನಗುತ್ತಾರೆ.

ತಿಗಣೆಯ ಮೇಣ, ಅದು ಬಿಡುವ ಸಿಹಿ ಅಂಟು ಎರಡಕ್ಕೂ ಒಂದು ವಾಸನೆಯಿದೆ. ಹುಳ ಬೇಟೆ ಹುಡುಕುವುದೂ, ಮೊಟ್ಟೆ ಇಡಲು ಜಾಗ ಆರಿಸುವುದೂ ಅದರ ಜಾಡಿನಲ್ಲೇ. ಆ ಜಾಡು ಕಲಸಿಹೋದರೆ ಗೇಣು ದೂರದ ಆಹಾರವೂ ಅದಕ್ಕೆ ಸಿಗದೆ ಹೋಗಬಹುದು.

ಐವತ್ತೆರಡರ ಹಜರತಬಿಗೆ ಇದನ್ನು ಯಾರೂ ಕಲಿಸಿಲ್ಲ. ಹದಿನೇಳು ವರ್ಷಗಳ ಹಿಂದೆ ಕಾಯಿ ತೊಳೆಯಲು ದಿನಗೂಲಿಗೆ ಸೇರಿದವರು. ಓದಿದ್ದು ನಾಲ್ಕನೆಯ ತರಗತಿ. ಈಗ ಅರವತ್ತನಾಲ್ಕು ಪಂಜರ, ನೂರಿಪ್ಪತ್ತೆಂಟು ಕಾಯಿ ದಿನವೂ ಅವರ ಕಣ್ಗಾವಲಿನಲ್ಲಿ. ಒಂದು ಹಬ್ಬದ ಮರುದಿನ ತೋಳಿಗೆ ಅತ್ತರು ಹಚ್ಚಿಕೊಂಡೇ ಬಂದಿದ್ದರು. ಹುಳಗಳೆಲ್ಲ ಕಾಯಿ ಬಿಟ್ಟು ಪಂಜರದ ಬಟ್ಟೆ ಹತ್ತಿದವು. ಅಂದಿನಿಂದ ಕೆಲಸದ ದಿನ ಅತ್ತರಿಲ್ಲ, ಘಮದ ಎಣ್ಣೆಯಿಲ್ಲ, ಸಾಬೂನೂ ಇಲ್ಲ. "ಕಡ್ಲಿಹಿಟ್ಟು ಹಚ್ಚಿ ಜಳಕಾ ಮಾಡ್ತೇನಿ. 'ಅಮ್ಮಿ, ನಿನಗ ನಮಗಿಂತ ಹುಳಾನ ಹೆಚ್ಚು' ಅಂತ ಮಗಳು ಶಹನಾಜ ಬೈತಾಳ."

ಎರಡು ತಿಂಗಳ ಹಿಂದೆ ಮೇಲಧಿಕಾರಿಗಳ ಭೇಟಿ ನಿಗದಿಯಾಯಿತು. ಹಿಂದಿನ ಸಂಜೆ, ಹಜರತಬಿ ಮನೆಗೆ ಹೋದ ಮೇಲೆ, ಕೇಂದ್ರದ ಮುಖ್ಯಸ್ಥರು ಸಾಕಣೆ ಕೋಣೆಯನ್ನು ಫಿನಾಯಿಲಿನಿಂದ ತೊಳೆಸಿದರು. ಊದುಬತ್ತಿಯನ್ನೂ ಹಚ್ಚಿಸಿದರು. ಬೆಳಿಗ್ಗೆ ಒಂದು ಹುಳವೂ ಕಾಯಿಯ ಮೇಲಿರಲಿಲ್ಲ.

"ಸಾಹೇಬ್ರ, ಇವತ್ತೊಂದಿನ ಬಾಗಿಲಾ ಕಿಡಕಿ ತಗದಿಡ್ರಿ ಅಂತ ಕೈ ಮುಗದೆ. 'ಬಂದವರು ಕಾಯಿ ನಾತಕ್ಕ ಮೂಗು ಮುಚ್ಕೋಬೇಕೇನ? ನೀ ಸುಮ್ನಿರು' ಅಂದ್ರು."

ಆ ಸರದಿಯ ಹುಳಗಳು ಮೊಟ್ಟೆ ಇಡಲಿಲ್ಲ, ಮರಿ ಹುಟ್ಟಲಿಲ್ಲ. ಹದಿನೆಂಟು ರೈತರು ಬರಿಗೈಲಿ ಹೋದರು. ಅವರಲ್ಲೊಬ್ಬರು ಬಾದಾಮಿ ಕಡೆಯ ಹನಮಂತಪ್ಪ. "ದಾಳಿಂಬಿ ಗಿಡಾ ಬೆಳ್ಳಗಾಗಿ ನಿಂತಾವ್ರಿ. ಆದ್ರ ಹಜರತಬಿ ಕೈಯಾನ ಹುಳ ಹಿಂದ ಒಮ್ಮೀನೂ ಸುಳ್ಳಾಗಿಲ್ಲ," ಎನ್ನುತ್ತಾರೆ.

ಈ ನಷ್ಟದ ಬಗ್ಗೆ ಕೇಂದ್ರ ಬರೆದ ವರದಿಯಲ್ಲಿ ಫಿನಾಯಿಲಿನ ಮಾತೇ ಇಲ್ಲ. ಇರುವುದು ಒಂದೇ ಸಾಲು: "ಕೆಲಸದಾಕೆಯ ನಿರ್ಲಕ್ಷ್ಯದಿಂದ ನಷ್ಟ." ಬರುವ ಒಂದನೇ ತಾರೀಕಿನಿಂದ ಹಜರತಬಿ ಆಫೀಸಿನ ಕಸ ಗುಡಿಸಬೇಕು ಎಂದು ನೋಟಿಸು. ಹದಿನೇಳು ವರ್ಷ ಈ ಹೆಂಗಸು ಕಂಡುಕೊಂಡದ್ದನ್ನು ಯಾವ ಕಡತವೂ ಬರೆದುಕೊಂಡಿಲ್ಲ. ಮೊದಲ ಬಾರಿಗೆ ಆಕೆಯ ಬಗ್ಗೆ ಬರೆದರು, ಬರೆದದ್ದೂ ಸುಳ್ಳು. ತೊಳೆಸಿದವರಿಗೆ ನಿಜ ಗೊತ್ತು, ವರದಿಗೆ ಸಹಿ ಮಾಡಿದವರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಸಣ್ಣ ಹುದ್ದೆಯವರ ಮೇಲೆ ತಪ್ಪು ಕೂರುವುದು ಹೀಗೆಯೇ, ಸದ್ದಿಲ್ಲದೆ.

ತಪ್ಪೊಪ್ಪಿಕೊಳ್ಳುವ ಹಾಳೆಗೆ ಅವರ ಸಹಿಯೂ ಬೇಕಿತ್ತು. "ಓದಿ ಹೇಳ್ರಿ ಅಂದೆ. ಓದಿದ್ರು. ಪೆನ್ನು ಟೇಬಲ್ ಮ್ಯಾಲ ಇಟ್ಟು ಬಂದೆ."

ನೋಟಿಸು ರದ್ದಾಗಲಿ ಎಂದು ಅವರು ಯಾರ ಬಾಗಿಲಿಗೂ ಹೋಗಿಲ್ಲ. ಕೇಳಿದ್ದು ಒಂದೇ: ತಮ್ಮ ಜಾಗಕ್ಕೆ ಬರುವವಳಿಗೆ ಕೆಲಸ ಕಲಿಸಲು ಹದಿನೈದು ದಿನ. "ಕುಂಬಳಕಾಯಿ ಇಡೂದ್ರಾಗ ಕಲಿಸೂದೇನೈತಿ?" ಎಂಬ ಉತ್ತರ ಸಿಕ್ಕಿದೆ. ಹಜರತಬಿ ಮುಂದಿನ ಪಂಜರದ ಬಟ್ಟೆ ಸರಿಸುತ್ತಾರೆ.

"ಹೇಳವರಿಲ್ಲಂದ್ರ ಆ ಹುಡುಗಿ ಮಲ್ಲಿಗಿ ಮುಡಕೊಂಡು ಬರ್ತಾಳ್ರಿ. ಪಾಪ, ಆಕಿಗೇನ ಗೊತ್ತು? ಆಮ್ಯಾಲ ಆಕಿ ಹೆಸರಿಗೂ ಇದ ಸಾಲು ಬರೀತಾರ."