ಅರ್ಧ ಮನೆ ಮೇಲಿನ ಶ್ರುತಿ

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಉರುಳುವ ಸದ್ದನ್ನು ನೀವು ಕೇಳಿದ್ದೀರಾ? ಮೊನ್ನೆ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮುದುಕರೊಬ್ಬರು ಚೀಲದಿಂದ ಕಾಯಿ ತೆಗೆದು ಹಾಗೆ ಅಲ್ಲಾಡಿಸಿದ್ದೇ ತಡ, ನಾನು ತುರುವೇಕೆರೆ ರಸ್ತೆಯ ನಮ್ಮ ಹಳೇ ಮನೆಯ ಅಟ್ಟದ ಮೇಲಿದ್ದೆ. ಅಟ್ಟದ ತುಂಬ ವರ್ಷವಿಡೀ ಒಣಗುವ ಕಾಯಿ, ಕೆಳಗಿನ ಒಲೆಯಿಂದ ಏರುವ ಹೊಗೆ, ಹಳೇ ಕೊಬ್ಬರಿಯ ಕಮಟು ವಾಸನೆ. ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವುದು ನನ್ನ ಕೆಲಸ. "ಗಂಗೂ, ಒಸಿ ಬಂದು ಕೇಳವ್ವ" ಎಂದು ಅಪ್ಪ ಕೂಗುತ್ತಿದ್ದರು. ನಾನು ಹ್ಞೂಂ ಅಂದ ಕಾಯಿ ಯಾವತ್ತೂ ಸುಳ್ಳಾಗಲಿಲ್ಲ. ಆ ಮನೆಯಲ್ಲಿ ನನಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ಉಳಿದದ್ದೆಲ್ಲ ನನ್ನ ತಂಗಿ ನೀಲಳ ಪಾಲು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಮಂಗಳವಾರ ಮಂಗಳವಾರ ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಗೀತದ ಮೇಷ್ಟ್ರು ಮೊದಮೊದಲು ಇಬ್ಬರಿಗೂ ಪಾಠ ಹೇಳಿದರು. ವರ್ಷ ತುಂಬುವುದರೊಳಗೆ, "ಕಿವಿ ನಿಂದು ಕಣಮ್ಮ, ಕಂಠ ನಿನ್ ತಂಗೀದು" ಎಂದು ನನ್ನ ತೊಡೆಯ ಮೇಲೆ ತಂಬೂರಿ ಇಟ್ಟರು. ಅಲ್ಲಿಂದಾಚೆಗೆ ನಾನು ಅವಳ ಬೆನ್ನ ಹಿಂದೆ ಕೂತವಳು. ಅವ್ವ ಅವಳಿಗೆ ಮೆಣಸು ಹಾಕಿದ ಬಿಸಿ ಹಾಲು ಕೊಡುತ್ತಿದ್ದಳು. ತಂತಿ ಮೀಟಿ ಬೆರಳು ಸುಲಿದ ನನಗೆ, "ಎಣ್ಣೆ ಹಚ್ಕೋ ಹೋಗೇ" ಅನ್ನುತ್ತಿದ್ದಳು. ಜನ ನೀಲಳ ಮುಖ ನೋಡಿ ತಲೆದೂಗುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಅವಳ ಜಡೆ, ಜಡೆಯ ತುಂಬ ಕನಕಾಂಬರ. ಸುಳ್ಳು ಯಾಕೆ ಹೇಳಲಿ, ಆ ಜಡೆ ನೋಡಿದರೇ ನನ್ನ ಹೊಟ್ಟೆ ಉರಿಯುತ್ತಿತ್ತು.

ನನಗೆ ಹದಿನಾರಾದ ವರ್ಷ ತಿಪಟೂರಿನ ಗಣಪತಿ ಪೆಂಡಾಲಿನಲ್ಲಿ ಅವಳ ಮೊದಲ ಕಚೇರಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ನೀಲಳ ಶ್ರುತಿ ಐದು ಮನೆ. ಅದಕ್ಕಿಂತ ಮೇಲೆ ಹಾಡಿದವಳೇ ಅಲ್ಲ. ಅವತ್ತು ನಾನು ಬೇಕೆಂದೇ ತಂಬೂರಿಯನ್ನು ಐದೂವರೆಗೆ ಏರಿಸಿದೆ. ಮೇಲಿನ ಸ್ಥಾಯಿಗೆ ಹೋದಾಗ ಅವಳ ದನಿ ಒಡೆಯಲಿ, ಊರೆಲ್ಲ ನೋಡಲಿ ಎಂಬುದಷ್ಟೇ ನನ್ನ ಆಸೆ. ನನ್ನ ಕಿವಿಯ ಮೇಲೆ ಮೇಷ್ಟ್ರಿಗೆ ಎಷ್ಟು ನಂಬಿಕೆ ಅಂದರೆ ಅವರು ಪರೀಕ್ಷಿಸಲೇ ಇಲ್ಲ. ಪಿಟೀಲು, ಮೃದಂಗ ಎರಡೂ ನನ್ನ ತಂಬೂರಿಗೇ ಸೇರಿದವು. ನೀಲ ಮಾತ್ರ ಒಮ್ಮೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ತಂತಿ ಬಿಗಿಯುವ ಬಿರಡೆಯ ಕಡೆ ಕಣ್ಣು ತಿರುಗಿಸಿಕೊಂಡೆ. ಅವಳು ಹಾಡಿದಳು. ದನಿ ಒಡೆಯಲಿಲ್ಲ, ಮೇಲೆ ಹೋದಷ್ಟೂ ಹೊಳೆಯಿತು. ಪ್ರಸಾದ ಇಸಕೊಂಡು ಹೊರಡೋಣ ಎಂದು ನಿಂತಿದ್ದ ಕೊಬ್ಬರಿ ಮಂಡಿಯ ಸಾಹುಕಾರರು ಅಲ್ಲಲ್ಲೇ ಕೂತುಬಿಟ್ಟರು. ಮೇಷ್ಟ್ರು ಕಣ್ಣೊರೆಸಿಕೊಂಡರು. ಆಮೇಲೆ ಪಿಟೀಲಿನವರಿಂದ ಶ್ರುತಿಯ ವಿಷಯ ತಿಳಿದಾಗ, ನನ್ನ ಕೈತಪ್ಪು ಎಂದುಕೊಂಡು ಬೈಯುವುದು ಹಾಗಿರಲಿ, ನೀಲಳಿಗೆ, "ಇದೇ ನಿನ್ ಶ್ರುತಿ ಕಣಮ್ಮ, ಇನ್ಮೇಲೆ ಇಳಿಸ್ಬೇಡ" ಎಂದರು. ನಾನು ತೋಡಿದ ಗುಂಡಿಯಲ್ಲಿ ಅವಳಿಗೆ ನಿಧಿ ಸಿಕ್ಕಿತ್ತು.

ಮುಂದೆ ರೇಡಿಯೋ ಬಂತು, ಮೈಸೂರು, ಬೆಂಗಳೂರಿನ ಕಚೇರಿಗಳು ಬಂದವು, ಹೆಸರಿನ ಮುಂದೆ ವಿದುಷಿ ಎಂದು ಅಚ್ಚಾಯಿತು. ಎಲ್ಲ ಕಡೆಯೂ ಅದೇ ಐದೂವರೆ. ಪತ್ರಿಕೆಯ ಫೋಟೋಗಳಲ್ಲಿ ನನ್ನ ಮೊಣಕೈಯಷ್ಟೇ ಇರುತ್ತಿತ್ತು. ಕಚೇರಿಯ ಮರುದಿನ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ, ಸನ್ನೆಯಲ್ಲಿ ಬಿಸಿನೀರು ಕೇಳುತ್ತಿದ್ದಳು. ಹತ್ತಾರು ವರ್ಷದಲ್ಲಿ ಆ ದನಿ ಸವೆಯಿತು. ಗಂಟಲಲ್ಲಿ ಗಂಟು ಎಂದರು ಡಾಕ್ಟರು. ಕಾರಣ ಆ ಅರ್ಧ ಮನೆ ಎಂದು ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅವಳ ಗಂಟಲು ವಿಚಾರಿಸಲು ಜನ ಬಂದಾಗಲೂ, ನನ್ನ ಸುಲಿದ ಬೆರಳಿನ ಬಗ್ಗೆ ಯಾರಾದರೂ ಕೇಳಿದರೇ ಎಂದು ಒಳಗೊಳಗೇ ಉರಿದವಳು ನಾನು.

ಅದಾದ ಮೇಲೊಮ್ಮೆ ಚಿಕ್ಕನಾಯಕನಹಳ್ಳಿಯ ದೇವಸ್ಥಾನವೊಂದರ ಪ್ರಾಕಾರದಲ್ಲಿ ಸಣ್ಣದೊಂದು ಕಚೇರಿಯಿತ್ತು. ಶ್ರುತಿ ಸೇರಿಸುತ್ತ ಕೂತಿದ್ದೆ. ನೀಲ ಬಂದು ಬಿರಡೆಯ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟಳು. "ಇವತ್ತೊಂದಿನ ಅರ್ಧ ಮನೆ ಇಳ್ಸಕ್ಕ. ಅವತ್ತು ನೀನು ಏರ್ಸಿದ್ದು ಇನ್ನ ಸಾಕು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಇಳಿಸಿದೆ. ಚಿಕ್ಕಂದಿನಲ್ಲಿ ಅಟ್ಟದ ಮೇಲೆ ನಾನು ಕಾಯಿ ಅಲ್ಲಾಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಗುನುಗುತ್ತಿದ್ದ ಅದೇ ದನಿಯಲ್ಲಿ ಅವಳು ಹಾಡಿದಳು. ಅದೇ ಕೊನೆಯ ಕಚೇರಿಯಾಯಿತು.

ಈಗ ಅಟ್ಟವಿಲ್ಲ, ಆ ಮನೆ ಕೆಡವಿ ಆರ್‌ಸಿಸಿ ಕಟ್ಟಿದ್ದಾರೆ. ಅಪ್ಪ, ಅವ್ವ, ಮೇಷ್ಟ್ರು ಹೋದರು, ನನಗಿಂತ ಚಿಕ್ಕವಳಾದ ನೀಲಳೂ ಹೋದಳು. ನಾನು ಬೇಕೆಂದೇ ಏರಿಸಿದ್ದು ಮೊದಲ ದಿನದಿಂದಲೇ ತಿಳಿದಿದ್ದೂ ಒಬ್ಬರಿಗೂ ಹೇಳದೆ ಹಾಡಿಕೊಂಡು ಹೋದಳಲ್ಲ, ಅದರಲ್ಲೂ ಅವಳೇ ಗೆದ್ದಳು ಎಂದು ಇವತ್ತಿಗೂ ನನಗೆ ಹೊಟ್ಟೆಕಿಚ್ಚು. ಬೆಳಗಾಗೆದ್ದು ತಂಬೂರಿಯನ್ನು ಐದು ಮನೆಗೇ ಸೇರಿಸಿ ಮೀಟುತ್ತೇನೆ. ಕಣ್ಣೆತ್ತಿದರೆ ಎದುರಿಗೆ ಆ ಜಡೆ ಇಲ್ಲ, ಬರೀ ಗೋಡೆ.